ಕೊಂಡ ತಂತ್ರಾಂಶ, ಕಟ್ಟಿಸಿದ ತಂತ್ರಾಂಶ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬುದು ನಮ್ಮ ಹಿರಿಯರು ಅನುಭವದಿಂದ ಆಡಿದ ಮಾತು. ಎರಡರಲ್ಲಿಯೂ ಮೊದಲು ಹಾಕಿದ ಲೆಕ್ಕ ಕೊನೆಗೆ ಉಳಿಯುವುದಿಲ್ಲವೆಂಬುದು ಅದರ ತಾತ್ಪರ್ಯ. ಇಂದಿನ ಕಾಲದಲ್ಲಿ "ತಂತ್ರಾಂಶ ಕಟ್ಟಿಸಿ ನೋಡು" ಎಂಬುದನ್ನೂ ಅದಕ್ಕೆ ಸೇರಿಸಬಹುದೆಂದು ನಮಗೆ ತೋರುತ್ತದೆ. ಹಾಗೆ ಕಟ್ಟಿಸಿ ನೋಡಿದವರಲ್ಲಿ ನಾವೂ ಸೇರಿರುವುದರಿಂದ, ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅಧಿಕಾರ ನಮಗೆ ಸ್ವಲ್ಪಮಟ್ಟಿಗಾದರೂ ಉಂಟೆಂದು ವಾಚಕರು ಒಪ್ಪಬಹುದು.

ಶಾಲೆ, ಕಾಲೇಜು, ಪತ್ರಿಕೆ, ಪುಸ್ತಕಭಂಡಾರ, ಸರ್ಕಾರಿ ಕಚೇರಿ ಇವುಗಳಿಗೆಲ್ಲ ಇಂದು ಜಾಲತಾಣ ಬೇಕು. ಜಾಲತಾಣದ ಪ್ರತಿಯೊಂದು ಪುಟವನ್ನೂ ಬಿಡಿಬಿಡಿಯಾಗಿ ಬರೆದು ಸಿದ್ಧಪಡಿಸುವುದು ಬಹು ಪ್ರಯಾಸದ ಕೆಲಸ. ಆದುದರಿಂದ ಲೇಖನಗಳನ್ನೂ ಚಿತ್ರಗಳನ್ನೂ ಒಂದು ದತ್ತಸಂಚಯದಲ್ಲಿ ಅಡಕವಾಗಿ ಇಟ್ಟುಕೊಂಡು, ಓದುಗನು ಕೇಳಿದಾಗ ಬೇಕಾದುದನ್ನು ಹೊರತೆಗೆದು, ಗೊತ್ತುಮಾಡಿದ ವಿನ್ಯಾಸದಲ್ಲಿ ಪುಟವಾಗಿ ಜೋಡಿಸಿ ಕೊಡುವ ತಂತ್ರಾಂಶಗಳು ಹುಟ್ಟಿಕೊಂಡವು. ಯಾರು ಬರೆಯಬಹುದು, ಯಾರು ತಿದ್ದಬಹುದು, ಯಾವ ಲೇಖನ ಎಂದು ಪ್ರಕಟವಾಗಬೇಕು ಎಂಬುದನ್ನೆಲ್ಲ ಅವೇ ನೋಡಿಕೊಳ್ಳುತ್ತವೆ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನೂ ಕಡತ ಕಾಯುವ ಗುಮಾಸ್ತನೂ ಒಂದೇ ದೇಹದಲ್ಲಿ ಸೇರಿದಂತೆ ಎಂದು ಭಾವಿಸಿಕೊಳ್ಳಬಹುದು. ಇವಕ್ಕೆ ವಿಷಯ ನಿರ್ವಹಣಾ ತಂತ್ರಾಂಶಗಳೆಂದು ಹೆಸರು.

ಇಂಥ ತಂತ್ರಾಂಶವನ್ನು ಪಡೆಯಲು ಹೊರಟ ಸಂಸ್ಥೆಯ ಮುಂದೆ ಮೊದಲು ಏಳುವ ಪ್ರಶ್ನೆ "ಎಷ್ಟಾಗುತ್ತದೆ?" ಎಂಬುದು. ಈ ಪ್ರಶ್ನೆ ಸಹಜವಾದದ್ದೇ. ಆದರೆ ಇದನ್ನೊಂದನ್ನೇ ಕೇಳಿ ಸುಮ್ಮನಾಗುವವರು ಮುಂದೆ ಪಶ್ಚಾತ್ತಾಪ ಪಡಬೇಕಾಗುತ್ತದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬೆಲೆ ಎಲ್ಲಿಂದ ಬಂತು?

ತಂತ್ರಾಂಶವು ಒಂದು ವಿಚಿತ್ರ ಸರಕು. ಬಡಗಿಯು ಹತ್ತು ಮೇಜುಗಳನ್ನು ಮಾಡಬೇಕಾದರೆ ಹತ್ತು ಮೇಜಿಗಾಗುವಷ್ಟು ಮರವೂ ಹತ್ತರಷ್ಟು ದುಡಿಮೆಯೂ ಬೇಕು. ತಂತ್ರಾಂಶದ ವಿಷಯದಲ್ಲಿ ಹಾಗಲ್ಲ. ಅದರ ಮೊದಲನೆಯ ಪ್ರತಿಯನ್ನು ಸಿದ್ಧಪಡಿಸಲು ಅನೇಕ ಮಂದಿ ವರ್ಷಗಟ್ಟಲೆ ದುಡಿಯಬೇಕಾಗಬಹುದು. ಎರಡನೆಯ ಪ್ರತಿಗೆ ಕೆಲವು ಕ್ಷಣಗಳು ಸಾಕು. ಸಾವಿರದ ಪ್ರತಿಗೂ ಅಷ್ಟೇ. ಆದುದರಿಂದ ಇಲ್ಲಿ ಮಾರಾಟವಾಗುವುದು ವಸ್ತುವಲ್ಲ, ಅನುಮತಿ. ಹಣ ಕೊಟ್ಟವನಿಗೆ ದೊರೆಯುವುದು "ಇಂತಿಂಥ ಷರತ್ತುಗಳಿಗೆ ಒಳಪಟ್ಟು ನೀನು ಇದನ್ನು ಬಳಸಬಹುದು" ಎಂಬ ಒಂದು ಪರವಾನಗಿ ಮಾತ್ರ.

ಹೀಗೆ ಅನುಮತಿಯನ್ನು ಮಾರುವ ಪದ್ಧತಿ ಮೊದಲಿನಿಂದಲೂ ಇದ್ದುದಲ್ಲ. ಗಣಕಯಂತ್ರಗಳ ಆದಿಕಾಲದಲ್ಲಿ ಯಂತ್ರವನ್ನು ಕೊಂಡವರಿಗೆ, ಇಲ್ಲವೆ ಬಾಡಿಗೆಗೆ ಪಡೆದವರಿಗೆ, ತಂತ್ರಾಂಶವೂ ಅದರೊಡನೆಯೇ ಬರುತ್ತಿತ್ತು. ಐ.ಬಿ.ಎಂ. ಸಂಸ್ಥೆಯು 1969ರ ಜೂನ್ 23ರಂದು ಯಂತ್ರದ ಬೆಲೆಯನ್ನೂ ತಂತ್ರಾಂಶದ ಬೆಲೆಯನ್ನೂ ಬೇರ್ಪಡಿಸುವುದಾಗಿ ಪ್ರಕಟಿಸಿತು. ತಂತ್ರಾಂಶವು ಸ್ವತಂತ್ರವಾದ ವ್ಯಾಪಾರವಾಗಿ ಬೆಳೆಯಲು ಈ ಪ್ರಕಟಣೆ ಬಹುಮಟ್ಟಿಗೆ ದಾರಿ ಮಾಡಿತು. 1976ರ ಫೆಬ್ರವರಿಯಲ್ಲಿ ತರುಣ ಬಿಲ್ ಗೇಟ್ಸ್ ಅವರು ಗಣಕ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಎಲ್ಲರೂ ಹಣ ಕೊಡದೆ ಪ್ರತಿ ಮಾಡಿಕೊಂಡರೆ ಒಳ್ಳೆಯ ತಂತ್ರಾಂಶವನ್ನು ಬರೆಯುವ ಶ್ರಮವನ್ನು ಯಾರು ತಾನೆ ಕೈಗೊಂಡಾರು ಎಂಬುದು ಅದರ ಸಾರಾಂಶ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ದುಡಿದವನಿಗೆ ಕೂಲಿ ಸಲ್ಲಲೇಬೇಕು.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು, 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿಯ ಮೊದಲ ಆವೃತ್ತಿ ಹೊರಬಂದಿತು. ಈ ಪರವಾನಗಿಯ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಅದರ ಮೂಲಸಂಕೇತವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದುದನ್ನು ಇತರರಿಗೆ ಹಂಚುವಾಗ ತಾನು ಪಡೆದ ಸ್ವಾತಂತ್ರ್ಯವನ್ನೇ ಅವರಿಗೂ ಕೊಡಬೇಕೆಂಬುದು ಅದರ ಮುಖ್ಯ ಷರತ್ತು. ಮೂಲಸಂಕೇತವೆಂದರೆ ತಂತ್ರಾಂಶವನ್ನು ಬರೆದವರು ತಮ್ಮ ಕೈಯಿಂದ ಬರೆದ, ಇನ್ನೊಬ್ಬ ತಜ್ಞನು ಓದಿ ತಿಳಿಯಬಹುದಾದ ಪಾಠ. ಅದಿಲ್ಲದ ತಂತ್ರಾಂಶವು ಬೆಸುಗೆ ಹಾಕಿ ಮುಚ್ಚಿದ ಪೆಟ್ಟಿಗೆಯಂತೆ. ನಡೆಯುವವರೆಗೆ ನಡೆಯುತ್ತದೆ, ಕೆಟ್ಟರೆ ರಿಪೇರಿ ಮಾಡುವಂತಿಲ್ಲ.

ಮೂರು ದಾರಿ, ಮೂರು ಸರಳರೇಖೆ

ಹೀಗಾಗಿ ಇಂದು ಒಂದು ಕಾಲೇಜಿನ ಮುಂದೆ ಮೂರು ದಾರಿಗಳಿವೆ. ಮಾರುಕಟ್ಟೆಯ ಸಿದ್ಧ ತಂತ್ರಾಂಶವನ್ನು ಪರವಾನಗಿ ಶುಲ್ಕ ತೆತ್ತು ಬಳಸುವುದು ಒಂದು. ತನ್ನ ಅಗತ್ಯಕ್ಕೆ ತಕ್ಕಂತೆ ಹೊಸದಾಗಿ ಕಟ್ಟಿಸಿಕೊಳ್ಳುವುದು ಎರಡನೆಯದು. ವರ್ಡ್‌ಪ್ರೆಸ್, ಡ್ರೂಪಲ್ ಮೊದಲಾದ ಮುಕ್ತ ತಂತ್ರಾಂಶಗಳಲ್ಲೊಂದನ್ನು ತೆಗೆದುಕೊಂಡು ಒಗ್ಗಿಸಿಕೊಳ್ಳುವುದು ಮೂರನೆಯದು.

ಸಿದ್ಧ ತಂತ್ರಾಂಶದ ಗುಣವನ್ನು ಮೊದಲು ಹೇಳುವುದು ನ್ಯಾಯ. ಕಟ್ಟುವ ವೆಚ್ಚವು ಒಂದು ಕೋಟಿ ರೂಪಾಯಿಯಾಗಿ, ಕೊಳ್ಳುವವರು 1000 ಮಂದಿಯಾದರೆ ಒಬ್ಬೊಬ್ಬರ ಪಾಲಿಗೆ ಬರುವುದು 10,000 ರೂಪಾಯಿ ಮಾತ್ರ. ಸಾವಿರ ಮಂದಿ ಬಳಸುವುದರಿಂದ ತಪ್ಪುಗಳೂ ಬೇಗ ಬೆಳಕಿಗೆ ಬರುತ್ತವೆ. ಕಟ್ಟಿಸಿಕೊಳ್ಳುವವನು ಇಡೀ ವೆಚ್ಚವನ್ನು ಒಬ್ಬನೇ ಹೊರಬೇಕು. ತಪ್ಪುಗಳನ್ನು ಕಂಡುಹಿಡಿಯುವ ಕಷ್ಟವೂ ಅವನೊಬ್ಬನದೇ. ಆದರೆ ಸಿದ್ಧ ತಂತ್ರಾಂಶದ ಶುಲ್ಕವನ್ನು ಅಳೆಯುವ ಕೋಲುಗಳು ಹಲವು. ಬರೆಯುವವರು ಎಷ್ಟು ಮಂದಿ, ಎಷ್ಟು ತಾಣಗಳು, ಎಷ್ಟು ಸರ್ವರುಗಳು, ಎಷ್ಟು ವರ್ಷ ಎಂದು ಒಂದೊಂದು ಸಂಸ್ಥೆ ಒಂದೊಂದು ಬಗೆಯಲ್ಲಿ ಎಣಿಸುತ್ತದೆ. ದೊಡ್ಡ ದೊಡ್ಡ ಉದ್ಯಮಗಳಿಗಾಗಿ ಇರುವ ಅನೇಕ ತಂತ್ರಾಂಶಗಳ ಬೆಲೆಪಟ್ಟಿ ಪ್ರಕಟವಾಗುವುದೇ ಇಲ್ಲ. ಕೇಳಿದವರಿಗೆ ಅವರವರ ಮುಖ ನೋಡಿ ಹೇಳುತ್ತಾರೆ.

ಇದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಅಂಕಿಗಳು ಕೇವಲ ಕಲ್ಪಿತವಾದವು. ವಿಧಾನವನ್ನು ತಿಳಿಯಲು ಅಷ್ಟು ಸಾಕು. ಕೊಳ್ಳುವ ತಂತ್ರಾಂಶಕ್ಕೆ ಮೊದಲು 20,000 ರೂಪಾಯಿ, ಅನಂತರ ವರ್ಷಕ್ಕೆ 60,000 ರೂಪಾಯಿ ಶುಲ್ಕ ಎಂದಿಟ್ಟುಕೊಳ್ಳಿ. ಕಟ್ಟಿಸುವುದಕ್ಕೆ ಮೊದಲು 3,00,000 ರೂಪಾಯಿ, ಅನಂತರ ವರ್ಷಕ್ಕೆ 20,000 ರೂಪಾಯಿ ದುರಸ್ತಿಯ ವೆಚ್ಚ. ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಅಳವಡಿಸಿ ಕಲಿಸಿಕೊಡಲು 80,000 ರೂಪಾಯಿ, ನೋಡಿಕೊಳ್ಳಲು ವರ್ಷಕ್ಕೆ 30,000 ರೂಪಾಯಿ ಬೇಕು. ನಕ್ಷೆಯ ಹಾಳೆಯ ಮೇಲೆ ವರ್ಷಗಳನ್ನು ಅಡ್ಡಲಾಗಿಯೂ ಒಟ್ಟು ವೆಚ್ಚವನ್ನು ಉದ್ದವಾಗಿಯೂ ಗುರುತಿಸಿದರೆ ಮೂರು ಸರಳರೇಖೆಗಳು ದೊರೆಯುತ್ತವೆ. ಮೊದಲ ವೆಚ್ಚವು ರೇಖೆ ಹೊರಡುವ ಬಿಂದುವನ್ನೂ ವಾರ್ಷಿಕ ವೆಚ್ಚವು ಅದರ ಇಳಿಜಾರನ್ನೂ ಗೊತ್ತುಮಾಡುತ್ತವೆ. ಕೊಂಡ ತಂತ್ರಾಂಶದ ರೇಖೆಯು ತೀರ ಕೆಳಗಿನಿಂದ ಹೊರಟರೂ ಕಡಿದಾಗಿ ಏರಿ, 2 ವರ್ಷಗಳಾದಾಗ ಮುಕ್ತ ತಂತ್ರಾಂಶದ ರೇಖೆಯನ್ನೂ 7 ವರ್ಷಗಳಾದಾಗ ಕಟ್ಟಿಸಿದುದರ ರೇಖೆಯನ್ನೂ ದಾಟುತ್ತದೆ. 10 ವರ್ಷಗಳ ಕೊನೆಗೆ ಒಟ್ಟು ವೆಚ್ಚಗಳು ಕ್ರಮವಾಗಿ 6,20,000, 5,00,000, 3,80,000 ರೂಪಾಯಿಗಳಾಗುತ್ತವೆ. ಮೊದಲ ದಿನ ಅಗ್ಗವಾಗಿ ಕಂಡದ್ದು ಹತ್ತನೆಯ ವರ್ಷಕ್ಕೆ ಎಲ್ಲಕ್ಕಿಂತ ದುಬಾರಿಯಾಯಿತು.

ಅಂಕಿಗಳನ್ನು ಬದಲಾಯಿಸಿದರೆ ಫಲವೂ ಬದಲಾಗುತ್ತದೆ. ವಿದ್ಯಾರ್ಥಿಗಳು ತಾವೇ ಬೇರೆ ಬೇರೆ ಅಂಕಿಗಳನ್ನು ಹಾಕಿ ನೋಡಲಿ. ಎರಡೇ ವರ್ಷ ನಡೆಯುವ ಕೆಲಸಕ್ಕೆ ಕೊಳ್ಳುವುದೇ ಮೇಲೆಂದು ಕಾಣುವುದೂ ಉಂಟು. ಗಮನಿಸತಕ್ಕದ್ದೇನೆಂದರೆ, ಬೆಲೆ ಎಂಬುದು ಒಂದು ಬಿಂದುವಲ್ಲ, ಒಂದು ರೇಖೆ. ಅದರ ಇಳಿಜಾರು ಯಾರ ಕೈಯಲ್ಲಿದೆ ಎಂಬುದನ್ನು ಕೇಳಿಕೊಳ್ಳಬೇಕು. ಇಂದು 60,000 ಇರುವ ವಾರ್ಷಿಕ ಶುಲ್ಕವು ನಾಳೆ 90,000 ಆಗದಂತೆ ತಡೆಯುವ ಶಕ್ತಿ ಕೊಂಡವನಿಗೆ ಇದೆಯೆ? ಈ ಪ್ರಶ್ನೆಗೆ ಉತ್ತರವಿರುವುದು ಬೆಲೆಪಟ್ಟಿಯಲ್ಲಲ್ಲ, ಪರವಾನಗಿಯಲ್ಲಿ.

ಪರವಾನಗಿಯ ಪ್ರಶ್ನೆ

ಇದಕ್ಕೆ ನಿದರ್ಶನವಾದ ಒಂದು ಪ್ರಸಂಗವು 2004ರಲ್ಲಿ ನಡೆಯಿತು. ಅಮೆರಿಕದ ಬೆನ್ ಟ್ರಾಟ್ ಮತ್ತು ಮೀನಾ ಟ್ರಾಟ್ ಎಂಬ ದಂಪತಿಗಳು 2001ರ ಅಕ್ಟೋಬರಿನಲ್ಲಿ ಮೂವಬಲ್ ಟೈಪ್ ಎಂಬ ತಂತ್ರಾಂಶವನ್ನು ಹೊರತಂದಿದ್ದರು. ಸ್ವಂತ ಉಪಯೋಗಕ್ಕೆ ಅದನ್ನು ಹಣವಿಲ್ಲದೆ ಬಳಸಬಹುದಾಗಿತ್ತು. ಮೂಲಸಂಕೇತವು ಕಣ್ಣಿಗೆ ಕಾಣುತ್ತಿತ್ತಾದರೂ ಅದನ್ನು ತಿದ್ದಿ ಹಂಚುವ ಹಕ್ಕು ಇರಲಿಲ್ಲ. ದಿನಚರಿಯಂಥ ಬರಹಗಳನ್ನು ಜಾಲದಲ್ಲಿ ಪ್ರಕಟಿಸುತ್ತಿದ್ದ ಅಸಂಖ್ಯ ಮಂದಿ ಅದನ್ನು ನಂಬಿ ತಮ್ಮ ಬರಹಗಳನ್ನೆಲ್ಲ ಅದರಲ್ಲಿ ತುಂಬಿದರು. 2004ರ ಮೇ ತಿಂಗಳಲ್ಲಿ ಮೂರನೆಯ ಆವೃತ್ತಿ ಬಂದಾಗ ಅವರ ಸಿಕ್ಸ್ ಅಪಾರ್ಟ್ ಸಂಸ್ಥೆಯು ಹೊಸ ಶುಲ್ಕಗಳನ್ನು ಪ್ರಕಟಿಸಿತು. ಲೇಖಕರ ಮತ್ತು ತಾಣಗಳ ಸಂಖ್ಯೆಗೆ ತಕ್ಕಂತೆ ಬೆಲೆ. ಉಚಿತ ಆವೃತ್ತಿಗೆ ಒಬ್ಬನೇ ಲೇಖಕ, ಮೂರೇ ತಾಣ. ಬಳಸುತ್ತಿದ್ದವರಲ್ಲಿ ಭಾರಿ ಅಸಮಾಧಾನ ಉಂಟಾಯಿತು. ಸಂಸ್ಥೆಯು ಆಮೇಲೆ ಷರತ್ತುಗಳನ್ನು ಸ್ವಲ್ಪ ಸಡಿಲಿಸಿದರೂ ಕಳೆದುಹೋದ ವಿಶ್ವಾಸ ಮರಳಲಿಲ್ಲ.

ಆ ಸಮಯದಲ್ಲಿ ಮಾರ್ಕ್ ಪಿಲ್ಗ್ರಿಮ್ ಎಂಬ ಲೇಖಕರು ಮಾಡಿದ ಕೆಲಸ ಗಮನಾರ್ಹವಾದದ್ದು. ತಮ್ಮ ತಾಣಗಳಿಗೆ ಹೊಸ ಶುಲ್ಕದ ಪ್ರಕಾರ 535 ಡಾಲರ್ ತಗಲುವುದೆಂದು ಅವರು ಲೆಕ್ಕ ಹಾಕಿದರು. ಆ 535 ಡಾಲರನ್ನು ಅವರು ತಮ್ಮ ಕಿಸೆಯಲ್ಲಿ ಉಳಿಸಿಕೊಳ್ಳಲಿಲ್ಲ. ಅಷ್ಟನ್ನೂ ವರ್ಡ್‌ಪ್ರೆಸ್ಸನ್ನು ಬರೆಯುತ್ತಿದ್ದವರಿಗೆ ದಾನವಾಗಿ ಕೊಟ್ಟು, ತಮ್ಮ ಬರಹವನ್ನು ಅದಕ್ಕೆ ವರ್ಗಾಯಿಸಿದರು. ಹಣ ಕೊಡುವುದಕ್ಕೆ ಅವರ ಆಕ್ಷೇಪಣೆ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಒಬ್ಬರ ಮರ್ಜಿಗೆ ಸಿಕ್ಕಿಬೀಳುವುದಕ್ಕೆ ಆಕ್ಷೇಪಣೆ ಇದ್ದಿತು. ಬೆಲೆಗೂ ಹಕ್ಕಿಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಮಗೆ ತಿಳಿದಿಲ್ಲ.

ವರ್ಡ್‌ಪ್ರೆಸ್ ಹುಟ್ಟಿದ ಬಗೆಯೂ ಇದೇ ಪಾಠವನ್ನು ಹೇಳುತ್ತದೆ. ಅದಕ್ಕೆ ಮೊದಲು ಬಿ2 ಎಂಬ ಸಣ್ಣ ತಂತ್ರಾಂಶವೊಂದಿತ್ತು. ಮಿಷೆಲ್ ವಾಲ್ಡ್ರಿಗಿ ಎಂಬುವರು ಬರೆದ ಅದಕ್ಕೆ ಜಿ.ಪಿ.ಎಲ್. ಪರವಾನಗಿ ಇತ್ತು. ಕರ್ತೃವು ಕೆಲಸ ನಿಲ್ಲಿಸಿದಾಗ ಬಳಸುತ್ತಿದ್ದವರು ಅನಾಥರಾಗಬೇಕಾಗಿತ್ತು. ಆದರೆ ಪರವಾನಗಿಯು ಅನುಮತಿ ಕೊಟ್ಟಿದ್ದುದರಿಂದ ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟ್ಲ್ ಅವರು ಅದೇ ಮೂಲಸಂಕೇತವನ್ನು ಕೈಗೆತ್ತಿಕೊಂಡು ಮುಂದುವರಿಸಿ, 2003ರ ಮೇ 27ರಂದು ಹೊಸ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇಕಡ 40ಕ್ಕೂ ಹೆಚ್ಚಿನವು ವರ್ಡ್‌ಪ್ರೆಸ್ಸಿನಿಂದ ನಡೆಯುತ್ತಿವೆ. ಕರ್ತೃವು ಕೈಬಿಟ್ಟರೂ ಕೃತಿ ಬದುಕಿಕೊಂಡಿತು. ಮುಚ್ಚಿದ ಪರವಾನಗಿಯಾಗಿದ್ದರೆ ಅದು ಅಂದೇ ಮುಗಿದುಹೋಗುತ್ತಿತ್ತು.

ಹಣ ಕೊಟ್ಟವರು ಒಡೆಯರೆ?

"ಹಾಗಾದರೆ ನಮ್ಮದನ್ನು ನಾವೇ ಕಟ್ಟಿಸಿಕೊಂಡರಾಯಿತು, ಯಾರ ಹಂಗೂ ಇರುವುದಿಲ್ಲ" ಎಂದು ವಾಚಕರು ಹೇಳಬಹುದು. ನಮ್ಮ ಕಾಲೇಜಿನಲ್ಲಿ ನಾವೂ ಹಾಗೆಯೇ ಎಣಿಸಿದ್ದೆವು.

2016ರಲ್ಲಿ ನಮ್ಮ ವಿಜ್ಞಾನ ಸಂಘಕ್ಕೆ ಒಂದು ಜಾಲತಾಣ ಬೇಕಾಯಿತು. ಸಿದ್ಧ ತಂತ್ರಾಂಶಗಳು ನಮ್ಮ ಅಗತ್ಯಕ್ಕೆ ಸರಿಹೊಂದಲಾರವೆಂದು ಭಾವಿಸಿ, ಒಂದು ಸಣ್ಣ ಸಂಸ್ಥೆಗೆ ಕೆಲಸ ವಹಿಸಿದೆವು. ಅವರು ಶ್ರದ್ಧೆಯಿಂದಲೇ ಕಟ್ಟಿಕೊಟ್ಟರು. ಪ್ರಯೋಗದ ಅಳತೆಗಳ ಕೋಷ್ಟಕಗಳನ್ನು ವಿದ್ಯಾರ್ಥಿಗಳು ತಾವೇ ತುಂಬಬಹುದಾದ ಅನುಕೂಲವೂ ಅದರಲ್ಲಿ ಇತ್ತು. ಗೋಡೆ ಪತ್ರಿಕೆಗಾಗಿ ಬರೆಯುತ್ತಿದ್ದ ಹುಡುಗರು ಉತ್ಸಾಹದಿಂದ ಜಾಲತಾಣಕ್ಕೆ ಬರೆಯತೊಡಗಿದರು. 2019ರ ಡಿಸೆಂಬರ್ 26ರಂದು ಮಂಗಳೂರು ಮತ್ತು ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡ ದಿನ, ನಮ್ಮ ವಿದ್ಯಾರ್ಥಿಗಳು ಬೆಳಗ್ಗೆಯಿಂದಲೇ ಐದೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನೂ ಬೆಳಕಿನ ತೀವ್ರತೆಯನ್ನೂ ಅಳೆದು ಅದರಲ್ಲಿ ದಾಖಲಿಸಿದರು. ನಮ್ಮ ಸಂಘದ ಪಾಲಿಗೆ ಅದೊಂದು ಹೆಮ್ಮೆಯ ಪುಟ.

2022ರಲ್ಲಿ ಜಾಲತಾಣವು ಇದ್ದಕ್ಕಿದ್ದಂತೆ ನಿಂತಿತು. ಅದನ್ನಿರಿಸಿದ್ದ ಸರ್ವರಿನ ವ್ಯವಸ್ಥೆಯನ್ನು ಅದರ ಒಡೆಯರು ಹೊಸ ಆವೃತ್ತಿಗೆ ಏರಿಸಿದ್ದರು. ನಮ್ಮ ಹಳೆಯ ತಂತ್ರಾಂಶಕ್ಕೆ ಅದು ಒಗ್ಗಲಿಲ್ಲ. ಕಟ್ಟಿಕೊಟ್ಟ ಸಂಸ್ಥೆ ಅಷ್ಟುಹೊತ್ತಿಗೆ ಬಾಗಿಲು ಹಾಕಿತ್ತು. ಇನ್ನೊಬ್ಬ ತಜ್ಞರನ್ನು ಕರೆದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಮೂಲಸಂಕೇತ ಎಲ್ಲಿದೆ? ದತ್ತಸಂಚಯದ ಕೀಲಿಪದ ಯಾರ ಬಳಿ ಇದೆ?" ಎಂಬುದು. ಎರಡೂ ನಮ್ಮಲ್ಲಿರಲಿಲ್ಲ. ಪೂರ್ತಿ ಹಣ ಕೊಟ್ಟ ರಸೀತಿ ಮಾತ್ರ ಕಪಾಟಿನಲ್ಲಿ ಭದ್ರವಾಗಿತ್ತು.

ಆಗ ಕಾನೂನನ್ನು ಓದಿ ನಾವು ತಿಳಿದುಕೊಂಡ ಸಂಗತಿ ನಮಗೆ ಆಶ್ಚರ್ಯವನ್ನುಂಟುಮಾಡಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕದ ತಂತ್ರಾಂಶವೂ ಸಾಹಿತ್ಯ ಕೃತಿಯೇ. 1984ರ ತಿದ್ದುಪಡಿಯಿಂದ ಅದಕ್ಕೆ ಆ ಸ್ಥಾನ ದೊರೆಯಿತು. ಅಧಿನಿಯಮದ 17ನೆಯ ಪ್ರಕರಣದಂತೆ ಕೃತಿಯ ಮೊದಲ ಒಡೆಯನು ಅದರ ಕರ್ತೃ. ಸಂಬಳದ ನೌಕರನು ಕೆಲಸದ ಅಂಗವಾಗಿ ಬರೆದುದಾದರೆ, ಬೇರೆ ಒಪ್ಪಂದವಿಲ್ಲದಾಗ, ಒಡೆತನವು ಅವನ ಧಣಿಗೆ ಸೇರುತ್ತದೆ. ಆದರೆ ಹೊರಗಿನ ಸ್ವತಂತ್ರ ಸಂಸ್ಥೆಗೆ ಹಣ ಕೊಟ್ಟು ಬರೆಸಿದ ತಂತ್ರಾಂಶದ ಕೃತಿಸ್ವಾಮ್ಯವು ಹಣ ಕೊಟ್ಟ ಮಾತ್ರಕ್ಕೆ ಬರೆಸಿದವನಿಗೆ ಬರುವುದಿಲ್ಲ. 19ನೆಯ ಪ್ರಕರಣದಂತೆ ಅದನ್ನು ಸಹಿ ಮಾಡಿದ ಲಿಖಿತ ಪತ್ರದ ಮೂಲಕ ವರ್ಗಾಯಿಸಿಕೊಳ್ಳಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತದೊಳಗೆ ಮಾತ್ರವೆಂದೂ ಕಾನೂನು ಭಾವಿಸಿಕೊಳ್ಳುತ್ತದೆ. ಮನೆಯನ್ನು ಕಟ್ಟಿದ ಗಾರೆಯವನು ಮನೆಯ ಒಡೆಯನಾಗುವುದಿಲ್ಲ. ತಂತ್ರಾಂಶವನ್ನು ಬರೆದವನಾದರೋ ಬೇರೆ ಪತ್ರವಾಗದ ಹೊರತು ಒಡೆಯನಾಗಿಯೇ ಉಳಿಯುತ್ತಾನೆ. ಲೇಖನದ ಆರಂಭದಲ್ಲಿ ನಾವು ಹೇಳಿದ ಮನೆಯ ಹೋಲಿಕೆ ಇಲ್ಲಿ ಮುರಿದುಬೀಳುತ್ತದೆ.

ಕಟ್ಟಿಕೊಟ್ಟವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರು ನಮಗೆ ಮೋಸ ಮಾಡಲಿಲ್ಲ. ನಾವು ಬೆಲೆಯ ವಿಷಯದಲ್ಲಿ ಮೂರು ದಿನ ಚೌಕಾಸಿ ಮಾಡಿ, ಹಕ್ಕಿನ ವಿಷಯದಲ್ಲಿ ಮೂರು ನಿಮಿಷವನ್ನೂ ವಿನಿಯೋಗಿಸಲಿಲ್ಲ. ಕೊನೆಗೆ ವಿದ್ಯಾರ್ಥಿಗಳ ಹಳೆಯ ನೋಟುಪುಸ್ತಕಗಳಿಂದಲೂ ಅಲ್ಲಲ್ಲಿ ಉಳಿದಿದ್ದ ಪುಟಗಳ ಪ್ರತಿಗಳಿಂದಲೂ ಬಹುಪಾಲನ್ನು ಮತ್ತೆ ಬೆರಳಚ್ಚು ಮಾಡಿಸಿದೆವು. ಸುಮಾರು ಮೂರನೆಯ ಒಂದು ಪಾಲು ದೊರೆಯಲಿಲ್ಲ. ಗ್ರಹಣದ ದಿನದ ಉಷ್ಣತೆಯ ಕೋಷ್ಟಕ ಸಿಕ್ಕಿತು. ಬೆಳಕಿನ ತೀವ್ರತೆಯದು ಸಿಗಲಿಲ್ಲ. ಅದನ್ನು ಅಳೆದ ಹುಡುಗಿ ಇಂದಿಗೂ ಭೇಟಿಯಾದಾಗಲೆಲ್ಲ "ಸರ್, ಸಿಕ್ಕಿತೆ?" ಎಂದು ಕೇಳುತ್ತಾಳೆ. ಆ ಗ್ರಹಣವನ್ನು ಮತ್ತೊಮ್ಮೆ ಅಳೆಯುವಂತಿಲ್ಲ.

ಕಟ್ಟಿಸಿದ್ದೆಲ್ಲವೂ ಹೀಗೆಯೇ ಆಗಬೇಕೆಂದಿಲ್ಲ. ನ್ಯೂಜಿಲೆಂಡಿನ ಹೊರೊಫೆನುವಾ ಪುಸ್ತಕಭಂಡಾರ ಟ್ರಸ್ಟಿನ ಕತೆ ಇದಕ್ಕೆ ಸಾಕ್ಷಿ. ಅವರ ಹಳೆಯ ತಂತ್ರಾಂಶವು 2000ದ ಇಸವಿಯ ತಾರೀಖುಗಳನ್ನು ಸರಿಯಾಗಿ ಓದಲಾರದೆಂದು ಕಂಡುಬಂದಾಗ, ಅವರು 1999ರಲ್ಲಿ ಕಟಿಪೊ ಕಮ್ಯುನಿಕೇಷನ್ಸ್ ಎಂಬ ಸಂಸ್ಥೆಯಿಂದ ಹೊಸದನ್ನು ಬರೆಸಿದರು. ಬರೆಸುವಾಗಲೇ ಅದನ್ನು ಜಿ.ಪಿ.ಎಲ್. ಪರವಾನಗಿಯಲ್ಲಿ ಲೋಕಕ್ಕೆ ಬಿಟ್ಟುಕೊಡುವುದೆಂದು ಎರಡೂ ಕಡೆಯವರು ಒಪ್ಪಿದರು. 2000ದ ಜನವರಿ 3ರಂದು ಕೆಲಸಕ್ಕೆ ತೊಡಗಿದ ಆ ತಂತ್ರಾಂಶದ ಹೆಸರು ಕೋಹಾ. ಮಾವೊರಿ ಭಾಷೆಯಲ್ಲಿ ಕಾಣಿಕೆ ಎಂದರ್ಥ. ಇಂದು ನಮ್ಮ ದೇಶವೂ ಸೇರಿ ಅನೇಕ ದೇಶಗಳ ಪುಸ್ತಕಭಂಡಾರಗಳಲ್ಲಿ ಅದು ಬಳಕೆಯಲ್ಲಿದೆ. ಒಂದು ಸಣ್ಣ ಪ್ರಾಂತ್ಯದ ಟ್ರಸ್ಟು ಹಣ ಕೊಟ್ಟು ಬರೆಸಿದ್ದನ್ನು ಬೇರೆಯವರೂ ತಿದ್ದಿ ಬೆಳೆಸಿದುದರಿಂದ, ಆ ಟ್ರಸ್ಟಿಗೂ ಲಾಭವೇ ಆಯಿತು. ಕೊಟ್ಟದ್ದು ಕೆಡಲಿಲ್ಲ.

ಉಚಿತವೆಂಬ ಭ್ರಮೆ

ಹಾಗೆಂದು ಮುಕ್ತ ತಂತ್ರಾಂಶವೆಂದರೆ ಖರ್ಚಿಲ್ಲದ್ದೆಂದು ಯಾರೂ ಭ್ರಮಿಸಬಾರದು. ಊರ ಕೆರೆಯ ನೀರಿಗೆ ಬೆಲೆಯಿಲ್ಲ. ಆದರೆ ಹೂಳೆತ್ತದೆ, ಏರಿಯನ್ನು ನೋಡಿಕೊಳ್ಳದೆ ಬಿಟ್ಟರೆ ಕೆರೆ ಉಳಿಯುವುದಿಲ್ಲ. 2014ರ ಅಕ್ಟೋಬರ್ 15ರಂದು ಡ್ರೂಪಲ್ ತಂತ್ರಾಂಶದಲ್ಲಿ ಒಂದು ದೊಡ್ಡ ಭದ್ರತಾ ಲೋಪವು ಪ್ರಕಟವಾಯಿತು. ಅದರ ಪರಿಹಾರವನ್ನೂ ಆಗಲೇ ಬಿಡುಗಡೆ ಮಾಡಲಾಯಿತು. ಎರಡು ವಾರಗಳ ಅನಂತರ ಡ್ರೂಪಲಿನ ಭದ್ರತಾ ತಂಡದವರು, ಪ್ರಕಟಣೆಯಾದ 7 ಗಂಟೆಗಳೊಳಗೆ ಸರಿಪಡಿಸಿಕೊಳ್ಳದಿದ್ದ ತಾಣಗಳೆಲ್ಲ ಕನ್ನಗಳ್ಳರ ಪಾಲಾಗಿವೆಯೆಂದೇ ತಿಳಿಯತಕ್ಕದ್ದೆಂದು ಎಚ್ಚರಿಸಿದರು. ತಾಣವನ್ನು ನೋಡಿಕೊಳ್ಳಲು ಯಾರನ್ನೂ ನೇಮಿಸದ ಸಂಸ್ಥೆಗೆ 7 ಗಂಟೆ ಸಾಕಾದೀತೆ? ಮೇಲಿನ ಲೆಕ್ಕದಲ್ಲಿ ಮುಕ್ತ ತಂತ್ರಾಂಶಕ್ಕೂ ವರ್ಷಕ್ಕೆ 30,000 ರೂಪಾಯಿ ಹಾಕಿದುದು ಈ ಕಾರಣದಿಂದಲೇ.

ಮುಕ್ತ ತಂತ್ರಾಂಶದಲ್ಲಿಯೂ ಅಧಿಕಾರ ಒಂದು ಕಡೆ ಸೇರುವುದುಂಟು. 2024ರ ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್ಸಿನ ನಾಯಕರಿಗೂ ಡಬ್ಲ್ಯು.ಪಿ. ಎಂಜಿನ್ ಎಂಬ ಸಂಸ್ಥೆಗೂ ವಿವಾದ ಹುಟ್ಟಿ, ಪರಿಷ್ಕೃತ ಆವೃತ್ತಿಗಳನ್ನು ಪಡೆಯುವ ಕೇಂದ್ರದ ಬಾಗಿಲನ್ನು ಆ ಸಂಸ್ಥೆಗೆ ಮುಚ್ಚಲಾಯಿತು. ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯವು ತಾತ್ಕಾಲಿಕ ಆಜ್ಞೆಯ ಮೂಲಕ ಅದನ್ನು ತೆರೆಯಿಸಿತು. ಮೂಲಸಂಕೇತವು ಎಲ್ಲರ ಸೊತ್ತಾಗಿದ್ದರೂ ಅದನ್ನು ಹಂಚುವ ಉಗ್ರಾಣದ ಕೀಲಿಕೈ ಕೆಲವರ ಕೈಯಲ್ಲೇ ಇತ್ತು. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ಬಳಸುವವರ ತಂತ್ರಾಂಶವನ್ನಾಗಲಿ ಅವರ ಬರಹವನ್ನಾಗಲಿ ಯಾರೂ ಕಸಿದುಕೊಳ್ಳಲು ಆಗಲಿಲ್ಲ.

ಭೌತಶಾಸ್ತ್ರದ ಪಾಠದಲ್ಲಿ ನಾವು ಜಡತ್ವವನ್ನು ವಿವರಿಸುವಾಗ, ವಸ್ತುವು ಸ್ಥಿರವಾಗಿರುವವರೆಗೆ ಅದರ ಜಡತ್ವವು ಅನುಭವಕ್ಕೆ ಬರುವುದಿಲ್ಲವೆಂದೂ, ಅದರ ಸ್ಥಿತಿಯನ್ನು ಬದಲಿಸಹೊರಟಾಗ ಮಾತ್ರ ಎದುರಾಗುತ್ತದೆಂದೂ ಹೇಳುತ್ತೇವೆ. ತಂತ್ರಾಂಶದ ನಿಜವಾದ ಬೆಲೆಯೂ ಹಾಗೆಯೇ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ದಿನ ಅದು ಗೋಚರಿಸುತ್ತದೆ. ತುಂಬಿಟ್ಟ ಬರಹ ಹೆಚ್ಚಿದಷ್ಟೂ ಅದನ್ನು ಕದಲಿಸುವುದು ಕಷ್ಟ. ನಾವು ಎಳೆದ ಮೂರು ಸರಳರೇಖೆಗಳಲ್ಲಿ ಒಂದರಲ್ಲಿಯೂ ಈ ವೆಚ್ಚ ಸೇರಿರಲಿಲ್ಲ.

ಕನ್ನಡಿಗರಿಗೆ ಇದರ ಅನುಭವ ಬೇರೆ ರೂಪದಲ್ಲಿ ಮೊದಲೇ ಆಗಿದೆ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನವಿತ್ತು. ಆದರೂ ಬಹುಕಾಲ ನಮ್ಮಲ್ಲಿ ಬೆರಳಚ್ಚು ನಡೆದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಲ್ಲಿ. ಆಯಾ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅಂಥ ಬರಹವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ; ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿದವರಿಗೆ ಆ ಕಷ್ಟ ಗೊತ್ತು. ಅಂದು ಫಾಂಟಿಗೆ ಸಿಲುಕಿದ ಬರಹ ಇಂದು ತಂತ್ರಾಂಶಕ್ಕೆ ಸಿಲುಕಬಾರದು.

ಕೇಳಬೇಕಾದ ಮೂರು ಪ್ರಶ್ನೆಗಳು

ಹಾಗಾದರೆ ಯಾವುದನ್ನು ಆರಿಸಬೇಕು? ಕೊಳ್ಳುವುದು ತಪ್ಪೆಂದಾಗಲಿ, ಕಟ್ಟಿಸುವುದು ಮೂರ್ಖತನವೆಂದಾಗಲಿ ನಾವು ಹೇಳುವುದಿಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗಳು ಮೊದಲು ಮುಕ್ತ ತಂತ್ರಾಂಶವನ್ನು ಪರಿಶೀಲಿಸುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಭಾರತ ಸರ್ಕಾರವು 2015ರಲ್ಲಿ ಪ್ರಕಟಿಸಿದ ನೀತಿಯೂ ಸರ್ಕಾರದ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದೂ, ಅದನ್ನು ಬಿಟ್ಟರೆ ಕಾರಣ ಹೇಳಬೇಕೆಂದೂ ವಿಧಿಸುತ್ತದೆ. ಆದರೆ ಯಾವ ದಾರಿಯನ್ನು ಹಿಡಿದರೂ ಹಣ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲೇಬೇಕು.

ಒಂದು: ನಮ್ಮ ಬರಹವನ್ನೆಲ್ಲ, ಕೋಷ್ಟಕಗಳೂ ಚಿತ್ರಗಳೂ ಸೇರಿ, ಬೇರೆ ತಂತ್ರಾಂಶವು ಓದಬಲ್ಲ ರೂಪದಲ್ಲಿ ನಾವೇ ಹೊರತೆಗೆದುಕೊಳ್ಳಬಹುದೆ? ಬಾಯಿಮಾತಿನ ಉತ್ತರ ಸಾಲದು. ಒಮ್ಮೆ ತೆಗೆದು ತೋರಿಸಬೇಕು. ಎರಡು: ಕಟ್ಟಿದವರು ನಾಳೆ ಇಲ್ಲವಾದರೆ ಇನ್ನೊಬ್ಬರು ಇದನ್ನು ದುರಸ್ತಿ ಮಾಡಲು ಮೂಲಸಂಕೇತವೂ ಅದಕ್ಕೆ ಬೇಕಾದ ಲಿಖಿತ ಹಕ್ಕೂ ನಮ್ಮ ಕೈಯಲ್ಲಿವೆಯೆ? ಮೂರು: ಹತ್ತು ವರ್ಷಗಳ ಒಟ್ಟು ವೆಚ್ಚವೆಷ್ಟು, ಮತ್ತು ಅದನ್ನು ಏರಿಸುವ ಅಧಿಕಾರ ಯಾರದು? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆತರೆ, ಕೊಂಡದ್ದಾಗಲಿ ಕಟ್ಟಿಸಿದ್ದಾಗಲಿ, ನಿಶ್ಚಿಂತೆಯಿಂದ ಮುಂದುವರಿಯಬಹುದು. ದೊರೆಯದಿದ್ದರೆ, ಅದು ಪುಕ್ಕಟೆ ಬಂದರೂ ಬೇಡ.

ಈ ಪತ್ರಿಕೆಯನ್ನು ಓದುವ ತರುಣರಲ್ಲಿ ಕೆಲವರು ಮುಂದೆ ತಂತ್ರಾಂಶವನ್ನು ಬರೆಯುವವರಾಗುತ್ತೀರಿ. ಕೆಲವರು ಸಂಸ್ಥೆಗಳ ಪರವಾಗಿ ಅದನ್ನು ಕೊಳ್ಳುವವರಾಗುತ್ತೀರಿ. ಬರೆಯುವವರು ನಿಮ್ಮ ದುಡಿಮೆಗೆ ತಕ್ಕ ಬೆಲೆಯನ್ನು ಸಂಕೋಚವಿಲ್ಲದೆ ಕೇಳಿ. ಆದರೆ ಬೆಲೆ ತೆತ್ತವನ ಬರಹವನ್ನು ಒತ್ತೆಯಿಟ್ಟುಕೊಳ್ಳಬೇಡಿ. ಕೊಳ್ಳುವವರು ಬೆಲೆಯನ್ನು ಚೌಕಾಸಿ ಮಾಡಿ. ಆದರೆ ಕರಾರುಪತ್ರವನ್ನು ಕೊನೆಯ ಸಾಲಿನವರೆಗೆ ಓದಿ. ನಮ್ಮ ವಿಜ್ಞಾನ ಸಂಘವು ಈಗ ಮುಕ್ತ ತಂತ್ರಾಂಶವೊಂದನ್ನು ಬಳಸುತ್ತಿದೆ. ಪ್ರತಿ ತಿಂಗಳ ಮೊದಲ ಶನಿವಾರ ಇಬ್ಬರು ವಿದ್ಯಾರ್ಥಿಗಳು ಅದರಲ್ಲಿರುವುದೆಲ್ಲದರ ಪ್ರತಿ ತೆಗೆದು, ಬೇರೊಂದು ಯಂತ್ರದಲ್ಲಿ ತೆರೆದು ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ. ಆ ಕೆಲಸಕ್ಕೆ ತಗಲುವುದು ಅರ್ಧ ಗಂಟೆ.